ಸೀಟಿನ ನಡುವಿನ ಒಂದೂವರೆ ಗೇಣು

ಗುರುಸಿದ್ದಯ್ಯನಿಗೆ ಬೆನ್ನು ಹಿಡಿದುಕೊಂಡಿದ್ದು ಬುಲೆಟ್ಟಿನಿಂದಲೇ ಎಂದು ಹೇರೋಹಳ್ಳಿಯವರು ಒಕ್ಕೊರಲಿನಿಂದ ತೀರ್ಮಾನಿಸಿಬಿಟ್ಟಿದ್ದರು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಆ ಊರಿನಲ್ಲಿ ಇದ್ದದ್ದೇ ಒಂದು ಬುಲೆಟ್ಟು. ಹನ್ನೆರಡು ವರ್ಷ ಹಳೆಯ ಗಾಡಿ, ಬಾಯಿಲ್ಲದ್ದು, ಅದರ ತಲೆಗೆ ಏನು ಕಟ್ಟಿದರೂ ಎದುರಾಡುವುದಿಲ್ಲ. ಅದರ ಸದ್ದಿಗೆ ಊರಿನ ಕೋಳಿಗಳು ಮೊಟ್ಟೆ ಇಡುವುದನ್ನೇ ನಿಲ್ಲಿಸಿವೆ ಎಂಬ ಹಳೆಯ ಆಪಾದನೆ ಬೇರೆ ಇತ್ತು.

ತಪ್ಪು ಗಾಡಿಯದಲ್ಲ ಎಂದು ಗುರುಸಿದ್ದಯ್ಯನಿಗೆ ಗೊತ್ತಿತ್ತು. ಎರಡು ವರ್ಷದಿಂದ ಅವನು ಅದೇ ಗಾಡಿಯಲ್ಲಿ ರಾಜಾಜಿನಗರದ ಕಾರ್ಖಾನೆಗೆ ಹೋಗಿ ಬರುತ್ತಿದ್ದ. ಅಲ್ಲಿ ಸ್ಟೋರ್ಸ್‌ನಲ್ಲಿ ಗುಮಾಸ್ತ. ಒಂದು ದಿನವೂ ಸೊಂಟ ಚುಳ್ ಎಂದಿರಲಿಲ್ಲ. ನೋವು ಶುರುವಾದದ್ದು ಮೂರು ವಾರದ ಹಿಂದೆ, ಅಂದರೆ ಅವನ ಅತ್ತೆ ನೀಲಗಂಗಮ್ಮನವರು ಗದಗದ ಕಡೆಯಿಂದ ಬಂದು ಅವನ ಹಿಂದೆ ಕೂರತೊಡಗಿದ ಮೇಲೆ. ಇದನ್ನು ಯಾರ ಮುಂದಾದರೂ ಹೇಳುವುದುಂಟೇ? ಅಳಿಯನ ಬೆನ್ನು ಮುರಿದ ಅತ್ತೆ ಎಂಬ ಹೆಸರು ಅವರಿಗೆ ಬರುವುದಕ್ಕಿಂತ, ಗಾಡಿಗೆ ಕೆಟ್ಟ ಹೆಸರು ಬಂದರೆ ಬರಲಿ ಎಂದು ಅವನು ಬಾಯಿ ಮುಚ್ಚಿಕೊಂಡಿದ್ದ.

ಅತ್ತೆ ಸುಮ್ಮನೆ ಬಂದವರಲ್ಲ. ಅವನ ಹೆಂಡತಿ ಜಯದೇವಿ ರಾಜಾಜಿನಗರದ ಹೆರಿಗೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಹಿಂದೆ ಎರಡು ಸಲ ಏಳನೇ ತಿಂಗಳಿಗೇ ಮಗು ಹೋಗಿತ್ತು. ಈ ಸಲವೂ ಏಳು ತುಂಬುವ ಹೊತ್ತಿಗೆ ರಕ್ತದ ಒತ್ತಡ ಏರಿ, ಕಾಲು ಊದಿಕೊಂಡಿತು. ಡಾಕ್ಟರಮ್ಮ ನೋಡಿದವರೇ, ಹೆರಿಗೆಯಾಗುವತನಕ ಹಾಸಿಗೆ ಬಿಟ್ಟು ಏಳಕೂಡದು ಎಂದು ಅಲ್ಲೇ ಮಲಗಿಸಿಕೊಂಡರು. ಊಟಕ್ಕೆ ಉಪ್ಪು ಹಾಕುವಂತಿಲ್ಲ. ಉಪ್ಪಿಲ್ಲದ ಆಸ್ಪತ್ರೆಯ ಅನ್ನ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅವ್ವ ಎದುರಿಗೆ ಕೂತು ಮುರಿದು ಕೊಟ್ಟರೆ ಮಾತ್ರ ಉಪ್ಪಿಲ್ಲದ ರೊಟ್ಟಿಯೂ ಇಳಿಯುತ್ತಿತ್ತು. ರಾತ್ರಿ ಯಾರೂ ಉಳಿಯಬಾರದೆಂದು ಆಸ್ಪತ್ರೆಯ ಕಟ್ಟಳೆ. ಹಾಗಾಗಿ ನೀಲಗಂಗಮ್ಮನವರು ದಿನಾ ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು, ಸಂಜೆ ಮನೆಗೆ ಬರಬೇಕು. ಹೇರೋಹಳ್ಳಿಗೆ ಬೆಳಗಿನ ಹೊತ್ತು ಬರುತ್ತಿದ್ದದ್ದು ಒಂದೇ ಬಸ್ಸು, ಅದರಲ್ಲಿ ಬಾಗಿಲಿಗೆ ಜೋತುಬೀಳುವ ಶಕ್ತಿಯಿದ್ದವರಿಗೆ ಮಾತ್ರ ಜಾಗ. ಉಳಿದದ್ದು ಬುಲೆಟ್ಟು.

ಇನ್ನು ಅತ್ತೆಯ ಮರ್ಯಾದೆಯ ವಿಷಯ. ಅವರ ಊರಿನಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ, ತಲೆಯ ಮೇಲಿನ ಸೆರಗು ಜಾರಿಸುವುದಿಲ್ಲ. ಮನೆಯಲ್ಲಿ ಮಗಳಿದ್ದರೆ ಮಾತು ದಾಟಿಸಲು ಒಬ್ಬಳಾದರೂ ಇರುತ್ತಿದ್ದಳು. ಈಗ ಆ ಕೆಲಸ ಪಾತ್ರೆಪಗಡೆಗಳಿಗೆ ಬಿದ್ದಿತ್ತು. ಒಲೆಯ ಕಡೆ ತಿರುಗಿ, "ರೊಟ್ಟಿ ಆಗ್ಯಾವು" ಎನ್ನುವರು. ಬಾಗಿಲಿನ ಚಿಲಕಕ್ಕೆ, "ನೀರು ಕಾದಾವು" ಎನ್ನುವರು. ಗುಬ್ಬಿ ಸೀಮೆಯ ಗುರುಸಿದ್ದಯ್ಯನ ಕಡೆ ಇಷ್ಟೆಲ್ಲ ಬಿಗಿ ಇರಲಿಲ್ಲ. ಆದರೂ ಹಿರಿಯರು ಇಷ್ಟು ಮರ್ಯಾದೆ ಕೊಡುವಾಗ ತಾನು ಕಡಿಮೆ ಬೀಳಬಾರದೆಂದು ಅವನೂ ಗೋಡೆಗೇ ಉತ್ತರ ಕೊಡುತ್ತಿದ್ದ.

ಇಂಥ ಇಬ್ಬರು ಒಂದೇ ಸೀಟಿನ ಮೇಲೆ ಕೂತರೆ ಏನಾಗಬೇಕೋ ಅದೇ ಆಯಿತು. ಅತ್ತೆಗೆ ಬೆನ್ನು ತಾಗಬಾರದೆಂದು ಗುರುಸಿದ್ದಯ್ಯ ಮುಂದೆ ಸರಿದು, ಪೆಟ್ರೋಲ್ ಟ್ಯಾಂಕಿಗೆ ಹೊಟ್ಟೆ ಒತ್ತಿಕೊಂಡು, ಮೊಣಕೈ ಮಡಚಿ, ಹ್ಯಾಂಡಲ್ಲಿನ ಮೇಲೆ ಬಗ್ಗಿಬಿಡುತ್ತಿದ್ದ. ಅಳಿಯನಿಗೆ ಮೈ ತಾಗಬಾರದೆಂದು ನೀಲಗಂಗಮ್ಮನವರು ಸೀಟಿನ ಕಟ್ಟಕಡೆಗೆ ಹೋಗಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುತ್ತಿದ್ದರು. ಒಂದು ಕೈಯಲ್ಲಿ ಊಟದ ಕ್ಯಾರಿಯರ್ರು, ಇನ್ನೊಂದರಲ್ಲಿ ಸೀಟಿನ ಪಟ್ಟಿ. ಹತ್ತು ವರ್ಷದ ಹಿಂದೆ ಎತ್ತಿನ ಚಕ್ಕಡಿಯಿಂದ ಬಿದ್ದು ಪೆಟ್ಟಾಗಿದ್ದ ಅವರ ಟೊಂಕಕ್ಕೆ ಹಾಗೆ ತಿರುಚಿಕೊಂಡು ಕೂರುವುದು ನರಕಯಾತನೆ. ಹೇರೋಹಳ್ಳಿಯಿಂದ ಸುಂಕದಕಟ್ಟೆವರೆಗಿನ ಹಾದಿಯನ್ನು ರಸ್ತೆ ಎಂದು ಕರೆಯುತ್ತಿದ್ದವರು ಅದರಲ್ಲಿ ಓಡಾಡದವರು. ಪ್ರತಿ ಗುಂಡಿಗೂ ಅವರು ಹಲ್ಲು ಕಚ್ಚುವುದು ಅಳಿಯನಿಗೆ ತಿಳಿಯುತ್ತಿತ್ತು. ಅವನ ಸೊಂಟದ ಸಂಕಟ ಅವರಿಗೆ ಕಾಣುತ್ತಿತ್ತು. ಇಬ್ಬರೂ ತುಟಿ ಪಿಟ್ಟೆನ್ನುತ್ತಿರಲಿಲ್ಲ.

ಸುಂಕದಕಟ್ಟೆಯಲ್ಲಿ ಹನುಮಂತಯ್ಯನ ಗಾಡಿ ರಿಪೇರಿ ಅಂಗಡಿ ಇತ್ತು. ಮಧ್ಯವಯಸ್ಸಿನ ಮನುಷ್ಯ, ಬುಲೆಟ್ಟಿನ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವಾಗಿದೆ ಎನ್ನುವಷ್ಟು ಪಳಗಿದವನು. ಒಂದು ಸಂಜೆ ಗುರುಸಿದ್ದಯ್ಯ ಕಾರ್ಖಾನೆ ಬಿಟ್ಟವನೇ, ಆಸ್ಪತ್ರೆಯಿಂದ ಅತ್ತೆಯನ್ನು ಕರೆತರುವ ಮುಂಚೆ, ಒಬ್ಬನೇ ಹೋಗಿ ಅವನ ಮುಂದೆ ನಿಂತ.

"ಬೆನ್ನು ಸತ್ಹೋಗ್ತಾ ಇದೆ ಹನುಮಂತಯ್ಯ. ಹ್ಯಾಂಡ್ಲು ಏನಾದ್ರೂ ದೂರ ಆಯ್ತಾ ನೋಡಿ."

ಹನುಮಂತಯ್ಯ ಹ್ಯಾಂಡಲ್ ಹಿಂದಕ್ಕೆ ಬಗ್ಗಿಸಿದ. ನೋವು ಹೋಗಲಿಲ್ಲ. ಎರಡು ದಿನ ಬಿಟ್ಟು ಮೇಲಕ್ಕೆತ್ತಿದ. ಆಗಲೂ ಹೋಗಲಿಲ್ಲ. ಕಾಲಿಡುವ ಫುಟ್‌ರೆಸ್ಟು ತಿರುಗಿಸಿದ, ಸೀಟಿನೊಳಗೆ ತೆಂಗಿನ ನಾರು ತುಂಬಿದ, ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಎಣ್ಣೆ ಬದಲಿಸಿದ. ಕೊನೆಗೆ ತಲೆಕೆಟ್ಟು, "ಎಲ್ಲಿ, ಹತ್ತಿ ಕೂತ್ಕೊಳಿ, ನೋಡೇಬಿಡ್ತೀನಿ" ಎಂದ. ಗುರುಸಿದ್ದಯ್ಯ ಹತ್ತಿ ಕೂತ. ಹಿಂದೆ ಅತ್ತೆ ಇಲ್ಲದ ಕಾರಣ ನೆಟ್ಟಗೆ, ಆರಾಮಾಗಿ, ಫೋಟೋ ತೆಗೆಸುವವನ ಹಾಗೆ ಕೂತ.

"ಚೆನ್ನಾಗೇ ಕೂತಿದೀರಲ್ಲ ಸಾರ್! ನಿಮ್ ಬೆನ್ನೇ ಸರಿಯಿಲ್ಲ ಬಿಡಿ" ಎಂದು ಹನುಮಂತಯ್ಯ ಕಾರ್ಬ್ಯುರೇಟರ್ ಒಂದು ತೊಳೆದು ಕಳಿಸಿದ.

ಮಾರನೆಯ ಬೆಳಿಗ್ಗೆ ನಡೆದದ್ದನ್ನು ನೆನೆಸಿಕೊಂಡರೆ ಗುರುಸಿದ್ದಯ್ಯನಿಗೆ ಎಷ್ಟೋ ವರ್ಷ ನಗು ಬರುತ್ತಿರಲಿಲ್ಲ. ಹೇರೋಹಳ್ಳಿ ದಾಟಿದ ಮೇಲೆ ಒಂದು ಕುರಿಮಂದೆ ರಸ್ತೆಗೆ ಅಡ್ಡ ಬಂತು. ಅವನು ಎಂಜಿನ್ ಆರಿಸದೆ, ಒಂದು ಕಾಲು ಊರಿ ನಿಂತ. ಕುರಿಗಳಿಗೆ ಯಾವ ಅವಸರವೂ ಇರಲಿಲ್ಲ. ಹಿಂದೆ ನೀಲಗಂಗಮ್ಮನವರಿಗೆ ಟೊಂಕ ಹಿಡಿದುಕೊಂಡು ಜೀವ ಹೋದಂತಾಯಿತು. ಒಂದು ಗಳಿಗೆ ಕಾಲು ಸಡಿಲಿಸೋಣ ಎಂದು ಮೆಲ್ಲಗೆ ಕೆಳಗಿಳಿದರು. ಕುರಿಗಳು ದಾಟಿದವು. ಗುರುಸಿದ್ದಯ್ಯ ಗೇರು ಹಾಕಿ ಹೊರಟೇಬಿಟ್ಟ.

ಭಾರ ಇಳಿದದ್ದು ಗೊತ್ತಾಗಲಿಲ್ಲವೇ ಎಂದು ಕೇಳಬಹುದು. ಗೊತ್ತಾಯಿತು. ಗಾಡಿ ಇವತ್ತು ಹಗುರವಾಗಿ ಓಡುತ್ತಿದೆ, ಹನುಮಂತಯ್ಯ ಕಾರ್ಬ್ಯುರೇಟರ್ ಚೆನ್ನಾಗಿ ತೊಳೆದಿದ್ದಾನೆ ಎಂದುಕೊಂಡ. ಹಿಂತಿರುಗಿ ನೋಡುವುದು ಮರ್ಯಾದೆಯಲ್ಲವಾದ್ದರಿಂದ ನೋಡಲಿಲ್ಲ. ಅತ್ತೆ ಎಂದೂ ಮಾತಾಡದವರಾದ್ದರಿಂದ ಮೌನ ಹೊಸದೆನಿಸಲಿಲ್ಲ. ಹಾಗೆಯೇ ಟ್ಯಾಂಕಿಗೆ ಹೊಟ್ಟೆ ಒತ್ತಿಕೊಂಡು, ಯಾರೂ ಇಲ್ಲದ ಸೀಟಿಗೆ ಜಾಗ ಬಿಟ್ಟುಕೊಟ್ಟು, ಕಾಮಾಕ್ಷಿಪಾಳ್ಯ ದಾಟಿ ಆಸ್ಪತ್ರೆಯ ಗೇಟಿನವರೆಗೂ ಬಂದ. ಗಾಡಿ ನಿಲ್ಲಿಸಿ, ಅತ್ತೆ ಇಳಿಯಲೆಂದು ಎಂದಿನಂತೆ ತಲೆ ತಗ್ಗಿಸಿ ಕಾದ. ಯಾರೂ ಇಳಿಯಲಿಲ್ಲ.

ತಿರುಗಿ ನೋಡಿದರೆ ಸೀಟಿನ ಮೇಲೆ ಯಾರೂ ಇಲ್ಲ. ಎದುರಿನ ಕಿಟಕಿಯ ಪಕ್ಕದ ಮಂಚದಲ್ಲಿ ಜಯದೇವಿ ಮಲಗಿದ್ದಳು. ದಿನಾ ಈ ಹೊತ್ತಿಗೆ ಅವಳ ಕಣ್ಣು ಗೇಟಿನ ಮೇಲೇ ಇರುತ್ತಿತ್ತು. ಗಂಡ ಬಂದದ್ದು, ಖಾಲಿ ಸೀಟನ್ನು ನೋಡಿ ಬಿಳಿಚಿಕೊಂಡದ್ದು, ಒಂದು ಮಾತೂ ಹೇಳದೆ ಗಾಡಿ ತಿರುಗಿಸಿ ಓಡಿದ್ದು, ಎಲ್ಲವನ್ನೂ ಅವಳು ನೋಡಿದಳು.

ನೀಲಗಂಗಮ್ಮನವರು ಸಿಕ್ಕಿದ್ದು ಸುಂಕದಕಟ್ಟೆಯಲ್ಲಿ, ಹನುಮಂತಯ್ಯನ ಅಂಗಡಿಯ ಮುಂದೆ. ಕ್ಯಾರಿಯರ್ ತಲೆಯ ಮೇಲಿಟ್ಟುಕೊಂಡು, ಒಂದು ಕೈ ಟೊಂಕಕ್ಕೆ ಕೊಟ್ಟು, ಒಂದು ಮೈಲಿಗೂ ಮಿಕ್ಕಿ ಕುಂಟುತ್ತ ನಡೆದು ಬಂದಿದ್ದರು. ಮುಖವೆಲ್ಲ ಬೆವರು. ಗುರುಸಿದ್ದಯ್ಯನಿಗೆ ನಾಚಿಕೆ, ಭಯ, ಸಿಟ್ಟು ಒಟ್ಟಿಗೇ ಬಂದು ಮರ್ಯಾದೆ ಮರೆತುಹೋಯಿತು.

"ಕೂಗ್ಬಾರ್ದಿತ್ತಾ ಅತ್ತೆ? ನಿಲ್ಸು ಅಂತ ಒಂದ್ ಮಾತು ಅಂದಿದ್ರೆ ಸಾಕಿತ್ತಲ್ಲ!"

ನೀಲಗಂಗಮ್ಮನವರು ಕ್ಯಾರಿಯರ್ ಇಳಿಸಿ, ಅದರ ಮುಚ್ಚಳಕ್ಕೆ ಹೇಳಿದರು: "ನಡುಹಾದ್ಯಾಗ ನಿಂತು ಅಳಿಯಂದಿರನ್ನ ಹ್ವಾಯ್ ಅಂತ ಕೂಗೂದು ಯಾ ಸೀಮಿ ಮರ್ಯಾದಿ?"

ಮಾತಾಡಲು ಪುರುಸೊತ್ತಿರಲಿಲ್ಲ. ಅವನು ಎಂದಿನಂತೆ ಮುಂದೆ ಸರಿದು ಬಗ್ಗಿದ, ಅವರು ಎಂದಿನಂತೆ ಹಿಂದೆ ಸರಿದು ಕೂತರು. ಹೊರಡಬೇಕು ಎನ್ನುವಷ್ಟರಲ್ಲಿ ಹನುಮಂತಯ್ಯ ಸ್ಪ್ಯಾನರ್ ಬಿಸಾಕಿ ಎದ್ದು ಬಂದು ಹ್ಯಾಂಡಲ್ ಹಿಡಿದುಕೊಂಡ.

"ಓಹೋ, ಹಿಂಗಾ ಸಮಾಚಾರ? ದಿನಾ ಸದ್ದು ಕೇಳಿದ್ದೇ ಹೊರ್ತು ತಲೆ ಎತ್ತಿ ನೋಡ್ಲೇ ಇಲ್ಲ. ಸಾರ್, ನೀವು ಟ್ಯಾಂಕ್ ಮೇಲೆ ಕೂತಿದೀರ. ಅಮ್ಮಾವ್ರು ನಂಬರ್ ಪ್ಲೇಟ್ ಮೇಲೆ ಕೂತವ್ರೆ. ಸೀಟ್ ಮೇಲೆ ಯಾರವ್ರೆ? ಮಧ್ಯ ಒಂದೂವರೆ ಗೇಣು ಜಾಗ ಬಿಟ್ಟಿದೀರಲ್ಲ, ಅದು ಯಾರ್ಗೆ? ಮೂರ್ ವಾರದಿಂದ ನನ್ ಕೈಲಿ ಗಾಡಿ ಬಿಚ್ಚಿಸ್ತಾ ಇದೀರ, ಇದನ್ನ ಒಂದ್ ಮಾತು ಹೇಳ್ಬಾರ್ದಾ? ಇಬ್ರೂ ಸೀಟ್ ಮೇಲೆ ಕೂತ್ಕೊಳಿ ಸ್ವಾಮಿ, ಅದಕ್ಕೇ ಅಂತ ಮಾಡಿರೋದು ಅದನ್ನ."

ಗುರುಸಿದ್ದಯ್ಯ ಗಾಡಿ ಬಿಟ್ಟ, ಆದರೆ ಹಿಂದೆ ಸರಿಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಜಯದೇವಿಯ ತೋಳಿಗೆ ಪಟ್ಟಿ ಕಟ್ಟಿ ನೋಡುತ್ತಿದ್ದರು. ಅವಳ ಕಣ್ಣುಗಳು ಅತ್ತು ಅತ್ತು ಊದಿದ್ದವು. ಅವ್ವನ ಮುಖ ಕಂಡದ್ದೇ ಕೈ ಚಾಚಿ ಮತ್ತೆ ಅತ್ತಳು. ಡಾಕ್ಟರಮ್ಮ ತಾಯಿಯನ್ನೂ ಅಳಿಯನನ್ನೂ ಹೊರಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಬಿ.ಪಿ. ಮತ್ತೆ ಏರಿದೆ. ಇನ್ನು ಐದು ವಾರ ತಳ್ಳಿದರೆ ಮಗು ನಮ್ಮದು. ಅಲ್ಲೀತನಕ ಇವಳಿಗೆ ಗಾಬರಿ ಆಗಬಾರದು. ಅಮ್ಮಾ, ನೀವು ಪಕ್ಕದಲ್ಲಿದ್ರೆ ಉಣ್ತಾಳೆ, ಮಲಗ್ತಾಳೆ. ನೀವು ಅರ್ಧ ಗಂಟೆ ತಡ ಆದ್ರೆ ನಾನು ಕೊಡೋ ಮಾತ್ರೆ ಯಾವುದೂ ಕೆಲಸ ಮಾಡಲ್ಲ. ಇನ್ನೊಂದು ಸಲ ಇವತ್ತಿನ ಹಾಗೆ ಆದ್ರೆ ಮಗು ಉಳಿಯುತ್ತೆ ಅಂತ ನಾನು ಹೇಳಲಾರೆ."

ನೀಲಗಂಗಮ್ಮನವರು ಕ್ಯಾರಿಯರ್ ಎತ್ತಿಕೊಂಡು ಒಳಗೆ ಹೋದರು. ಗುರುಸಿದ್ದಯ್ಯ ಕಾರ್ಖಾನೆಗೆ ಹೋಗಿ, ಅವತ್ತು ಬೋಲ್ಟು ಕೇಳಿದವರಿಗೆ ನಟ್ಟು ಕೊಟ್ಟ.

ಸಂಜೆ ಅವನು ಗೇಟಿಗೆ ಬಂದಾಗ ಅತ್ತೆ ಹೊರಬಂದದ್ದನ್ನು ನೋಡಿ ಮೊದಲು ಗುರುತೇ ಹತ್ತಲಿಲ್ಲ. ಸೆರಗು ಬಿಗಿಯಾಗಿ ಸೊಂಟಕ್ಕೆ ಸುತ್ತಿ, ಸೀರೆಯನ್ನು ಕಾಲ ನಡುವಿನಿಂದ ಹಿಂದಕ್ಕೆ ತೆಗೆದು, ಹೊಲದ ಕೆಲಸಕ್ಕೆ ಹೊರಟವರಂತೆ ಗಂಡುಗಚ್ಚೆ ಹಾಕಿದ್ದರು. ಗೇಟಿನ ಪಕ್ಕದ ಕಲ್ಲುಕಟ್ಟೆ ಹತ್ತಿ ನಿಂತರು. ಹೂವಿನವಳು, ಬಾಳೆಹಣ್ಣಿನ ಗಾಡಿಯವನು, ಒಳಗೆ ಹೋಗುತ್ತಿದ್ದ ನರ್ಸು, ಎಲ್ಲರೂ ನಿಂತು ನೋಡಿದರು.

"ಗಾಡಿ ಇತ್ಲಾಗ ತರ್ರಿ" ಎಂದರು. ಮಾತು ಕಟ್ಟೆಗಲ್ಲ, ಗೇಟಿಗಲ್ಲ, ಅವನಿಗೇ. ಬಂದಾಗಿನಿಂದ ಅವನನ್ನು ನೋಡಿ ಆಡಿದ ಮೊದಲ ಮಾತು.

ಅವನು ತಂದು ನಿಲ್ಲಿಸಿದ. ಅವರು ಕಟ್ಟೆಯ ಮೇಲಿಂದಲೇ ಒಂದು ಕಾಲನ್ನು ಆಚೆ ಹಾಕಿ, ಎರಡೂ ಕಡೆ ಕಾಲು ಬಿಟ್ಟು ಗಂಡಸರ ಹಾಗೆ ಕೂತರು. ಗುರುಸಿದ್ದಯ್ಯ ಅಭ್ಯಾಸಬಲದಿಂದ ಟ್ಯಾಂಕಿನ ಕಡೆ ಜರುಗಿದ.

"ಹಿಂದ ಸರೀರಿ" ಎಂದರು ಅವರು. "ಎರಡು ಕೂಸು ಮಣ್ಣಿಗೆ ಕೊಟ್ಟೇವಿ. ಇದೊಂದಕ್ಕ ನನ್ನ ಮರ್ಯಾದಿ ಅಡ್ಡ ಬರೂದು ಬ್ಯಾಡ. ನೆಟ್ಟಗ ಕುಂದರ್ರಿ. ನಿಮ್ಮ ಬೆನ್ನು ಮುರದ್ರ ನನ್ನ ಮಗಳಿಗೆ ಯಾರು ದಿಕ್ಕು?"

ಅವನು ಸರಿದ. ಒಂದೂವರೆ ಗೇಣು ಜಾಗ ಮುಚ್ಚಿಹೋಯಿತು. ಅತ್ತೆಯ ಎರಡು ಕೈಗಳು ಬಂದು ಅವನ ಹೆಗಲ ಮೇಲೆ ಕೂತವು. ರೊಟ್ಟಿ ತಟ್ಟಿ ತಟ್ಟಿ ಗಡುಸಾದ ಅಂಗೈ ಅಂಗಿಯ ಮೇಲಿಂದಲೂ ತಿಳಿಯುತ್ತಿತ್ತು. ಗುರುಸಿದ್ದಯ್ಯನಿಗೆ ತಾಯಿ ಹೋದಾಗ ನಾಲ್ಕು ವರ್ಷ. ಬೆಳೆದದ್ದು ಮಠದ ಹಾಸ್ಟೆಲಿನಲ್ಲಿ. ಅಲ್ಲಿ ಹೊಟ್ಟೆಗೆ ಕಡಿಮೆಯಿರಲಿಲ್ಲ, ಓದಿಗೆ ಕಡಿಮೆಯಿರಲಿಲ್ಲ, ಆದರೆ ಹೆಗಲ ಮೇಲೆ ಹೀಗೆ ಕೈಯಿಟ್ಟವರು ಯಾರೂ ಇರಲಿಲ್ಲ. ಅದು ತನಗೆ ಬೇಕಾಗಿತ್ತು ಎಂಬುದು ಮೂವತ್ತೊಂದನೇ ವಯಸ್ಸಿನಲ್ಲಿ, ರಾಜಾಜಿನಗರದ ಬೀದಿಯಲ್ಲಿ, ಬುಲೆಟ್ಟಿನ ಮೇಲೆ ಕೂತಾಗ ಅವನಿಗೆ ಗೊತ್ತಾಯಿತು. ಗಾಡಿ ಶುರುಮಾಡಲು ಮೂರು ಸಲ ಒದೆಯಬೇಕಾಯಿತು.

ಹೇರೋಹಳ್ಳಿಗೆ ಇದು ಒಂದು ವಾರದ ಹಬ್ಬವಾಯಿತು. ಅಶ್ವತ್ಥಕಟ್ಟೆಯ ಮೇಲೆ ಕೂತಿದ್ದ ಬೈರಪ್ಪ ಎಂಬ ಹಿರಿಯರು ತಡೆಯಲಾರದೆ, "ಏನ್ ಅಯ್ನೋರೆ, ಅತ್ತೇನ ಕುದ್ರೆ ಹತ್ಸಿದಂಗೆ ಹತ್ಸಿದೀರಾ!" ಎಂದರು.

ಗುರುಸಿದ್ದಯ್ಯ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉತ್ತರ ಬಂತು: "ಹೌದ್ರಿ ಯಜಮಾನ್ರ, ಕುದುರಿ ಛಲೋ ಅದ. ನಿಮ್ಮ ಊರ ಹಾದೀನ ಸರಿ ಇಲ್ಲ."

ನಾಲ್ಕು ದಿನಕ್ಕೆ ಬೆನ್ನಿನ ನೋವು ಮಾಯವಾಯಿತು. ತಿರುಚುವುದು ತಪ್ಪಿದ್ದಕ್ಕೆ ಅತ್ತೆಯ ಟೊಂಕವೂ ಸುಮ್ಮನಾಯಿತು. ಹನುಮಂತಯ್ಯ ಹ್ಯಾಂಡಲ್ಲನ್ನು ಮೊದಲಿದ್ದ ಜಾಗಕ್ಕೇ ತಂದು ಕೂರಿಸಿ, ನಾರು ತೆಗೆದು, "ನೋಡಿ, ಕಂಪ್ನಿಯವ್ರು ಹೆಂಗ್ ಕೊಟ್ಟಿದ್ರೋ ಹಂಗೇ ಐತೆ. ನಿಮ್ಮಿಬ್ರನ್ನೇ ರಿಪೇರಿ ಮಾಡ್ಬೇಕಿತ್ತು" ಎಂದು ನಕ್ಕ. ಅವನ ನಗುವಿಗೆ ಗುರುಸಿದ್ದಯ್ಯ ಕೈಮುಗಿದ.

ಅದಕ್ಕಿಂತ ದೊಡ್ಡ ಲಾಭ ಇನ್ನೊಂದಾಯಿತು. ಮುಖ ನೋಡದೆ ಮಾತಾಡಲು ಗಾಡಿಯ ಮೇಲಿಗಿಂತ ಒಳ್ಳೆಯ ಜಾಗವಿಲ್ಲ. ಎದುರು ನಿಂತು ಆಡಬಾರದ ಮಾತನ್ನು ಬೆನ್ನಿಗೆ ಆಡಿದರೆ ಯಾವ ಶಾಸ್ತ್ರವೂ ಕೆಡುವುದಿಲ್ಲ ಎಂದು ನೀಲಗಂಗಮ್ಮನವರು ಒಂದೇ ದಿನದಲ್ಲಿ ಕಂಡುಕೊಂಡರು. ಜಯದೇವಿ ಚಿಕ್ಕವಳಿದ್ದಾಗ ಬೆಲ್ಲದ ಗಡಿಗೆಯಲ್ಲಿ ಕೈ ಸಿಕ್ಕಿಸಿಕೊಂಡದ್ದು, ಗಂಡ ತೀರಿಕೊಂಡ ವರ್ಷ ತಾವೇ ಕೂರಿಗೆ ಹಿಡಿದು ಬಿತ್ತಿದ್ದು, ಮಠದ ಸ್ವಾಮಿಗಳು ಈ ಸಂಬಂಧ ಹೇಳಿದಾಗ "ದೂರದ ಊರು, ತಾಯಿ ಇಲ್ಲದ ಹುಡುಗ" ಎಂದು ಎಲ್ಲರೂ ಬೇಡವೆಂದದ್ದು, ಒಂದೊಂದಾಗಿ ಹಿಂದಿನಿಂದ ಅವನ ಕಿವಿಗೆ ಬಿದ್ದವು.

"ಮತ್ತೆ ನೀವ್ಯಾಕೆ ಒಪ್ಪಿದ್ರಿ ಅತ್ತೆ?" ಎಂದು ಅವನು ರಸ್ತೆಗೆ ಕೇಳಿದ.

"ತಾಯಿ ಇಲ್ಲದಾಂವ ನನ್ನ ಮಗಳನ್ನ ಬಿಟ್ಟು ಎಲ್ಲಿ ಹೋಗ್ತಾನ ಅಂತ ಒಪ್ಪಿದ್ನಿ" ಎಂದರು. ಬಲಗಡೆ ಗುಂಡಿ ಬಂದರೆ ಬಲಹೆಗಲು ತಟ್ಟುವರು, ಎಡಗಡೆ ಬಂದರೆ ಎಡಹೆಗಲು. ಮಾತಿನ ನಡುವೆಯೂ ಅದು ತಪ್ಪುತ್ತಿರಲಿಲ್ಲ. ಒಂದು ದಿನವೂ ಎಂಟು ಗಂಟೆ ಮೀರಲಿಲ್ಲ. ಗೇಟಿನಲ್ಲಿ ಇಬ್ಬರೂ ಇಳಿಯುವುದನ್ನು ಕಿಟಕಿಯಿಂದ ನೋಡಿ ಜಯದೇವಿ ನಗಲು ಶುರುಮಾಡಿದಳು. ನಗುವವಳ ಬಿ.ಪಿ. ಕೂಡ ಡಾಕ್ಟರಮ್ಮನ ಮಾತು ಕೇಳತೊಡಗಿತು.

ಐದು ವಾರ ತುಂಬಿದ ಎರಡು ದಿನಕ್ಕೆ ನೋವು ಬಂತು. ಡಾಕ್ಟರಮ್ಮ ಕಟ್ಟಳೆ ಸಡಿಲಿಸಿ ತಾಯಿಯನ್ನು ಒಳಗೇ ಇರಿಸಿಕೊಂಡರು. ನೀಲಗಂಗಮ್ಮನವರು ಎರಡು ದಿನ ಕಣ್ಣಿಗೆ ಕಣ್ಣು ಹಚ್ಚಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಹೆಣ್ಣುಮಗು ಹುಟ್ಟಿತು. ಐದು ಪೌಂಡಿಗೆ ಸ್ವಲ್ಪ ಕಡಿಮೆ, ಆದರೆ ಅಳು ಮಾತ್ರ ಗೇಟಿನವರೆಗೂ ಕೇಳುವಂಥದ್ದು. ತಾಯಿ ಮಗು ಇಬ್ಬರೂ ಕ್ಷೇಮ ಎಂದು ಕೇಳಿದಾಗ ಗುರುಸಿದ್ದಯ್ಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಮಗುವಿಗಿಂತ ಜೋರಾಗಿ ಅತ್ತ. ಪಕ್ಕದಲ್ಲಿದ್ದ ಅತ್ತೆಗೆ ಏನಾದರೂ ಹೇಳಬೇಕೆಂದು ಅವನಿಗೆ ಅನಿಸಿತು.

"ನಿಮ್ಮಿಂದ ಉಳೀತು ಅತ್ತೆ."

"ಗಾಡಿ ಹೊಡದಾಂವ್ರು ನೀವು" ಎಂದರು ಅವರು, ಬೆಂಚಿನ ಕಾಲು ನೋಡುತ್ತ. "ನಾ ಸುಮ್ನ ಹಿಂದ ಕುಂತಿದ್ನಿ."

ಮನೆಗೆ ಹೋಗಿ ಮಿಂದು, ಬಾಣಂತಿಗೆ ಬಿಸಿ ಗಂಜಿ ಮಾಡಿ ತನ್ನಿ ಎಂದು ನರ್ಸು ಕಳಿಸಿದಳು. ಹತ್ತು ಗಂಟೆಯ ಬಿಸಿಲು. ಕಾಮಾಕ್ಷಿಪಾಳ್ಯ ದಾಟುವಷ್ಟರಲ್ಲಿ ಹೆಗಲ ಮೇಲಿನ ಕೈಗಳು ಸಡಿಲವಾಗಿ ಜಾರಿದವು. ಆಮೇಲೆ ಅವನ ಬೆನ್ನಿಗೆ ಭಾರವಾಗಿ ಏನೋ ಒರಗಿತು. ಅತ್ತೆ ನಿದ್ದೆಹೋಗಿದ್ದರು. ಸೆರಗು ಜಾರಿದ ತಲೆ, ಕೆನ್ನೆ, ಎಲ್ಲ ಅವನ ಬೆನ್ನ ಮೇಲೆ. ಗುರುಸಿದ್ದಯ್ಯ ಗಾಡಿಯನ್ನು ಎರಡನೇ ಗೇರಿಗೆ ಇಳಿಸಿ ಅಲ್ಲೇ ಬಿಟ್ಟ. ಇನ್ನು ಕ್ಲಚ್ಚು ಮುಟ್ಟುವ ಕೆಲಸವಿಲ್ಲ. ಅವರ ಎರಡು ಕೈಗಳನ್ನೂ ತನ್ನ ಹೊಟ್ಟೆಯ ಮುಂದೆ ತಂದು, ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೊಂದು ಬುಲೆಟ್ಟನ್ನು ಹಿಂದೆ ಹಾಕಿ ಹೋಯಿತು. ಹಿಂದಿನ ಲಾರಿ ಹಾರನ್ ಬಾರಿಸಿತು. ಅವನು ಅಲುಗಲಿಲ್ಲ. ಗುಂಡಿಗಳಿಗೆ ಒಂದೊಂದಕ್ಕೂ ಮರ್ಯಾದೆ ಕೊಟ್ಟು ಸುತ್ತಿಕೊಂಡು ಹೋದ. ದೇವರಿಗೆ ಕೈಮುಗಿಯಬೇಕೆನಿಸಿತು, ಎರಡು ಕೈಯೂ ಕೆಲಸದಲ್ಲಿದ್ದವು.

ಮನೆಯ ಮುಂದೆ ನಿಂತಾಗ ಎಂಜಿನ್ ಆರಿಸಲು ಮನಸ್ಸು ಬರಲಿಲ್ಲ. ಸದ್ದು ನಿಂತರೆ ಎಚ್ಚರವಾದೀತು. ಎರಡು ಕಾಲನ್ನೂ ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಮಾಡಿಕೊಂಡು ಹಾಗೆಯೇ ಕೂತ. ಎಷ್ಟು ಹೊತ್ತಾಯಿತೋ, ಬೆನ್ನ ಮೇಲಿನ ತಲೆ ಸ್ವಲ್ಪ ಅಲುಗಿತು.

"ಬಂತೇನ್ರಿ ಮನಿ?" ಎಂದು ನಿದ್ದೆಗಣ್ಣಿನ ದನಿ ಕೇಳಿತು.

"ಇನ್ನೂ ಇಲ್ಲ ಅತ್ತೆ" ಎಂದ ಗುರುಸಿದ್ದಯ್ಯ, ಎದುರಿಗಿದ್ದ ತನ್ನ ಮನೆಯ ಬಾಗಿಲನ್ನೇ ನೋಡುತ್ತ. "ಮಲ್ಕೊಳಿ."